ಗೀಟು, ಗಡುವು ಮತ್ತು ಸ್ಪಂಜು: ಬರಿಗೈ ಮುಷ್ಟಿಕಾಳಗದ ಚರಿತ್ರೆ ಮತ್ತು ಅದರ ಭಾಷೆ

(ನಮ್ಮ ಕೂಟದ ಸಾಹಿತ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ರೋಗಿಗಳ ನಾಡಿ ಹಿಡಿಯುವವನೊಬ್ಬ ಮುಷ್ಟಿಕಾಳಗದ ಚರಿತ್ರೆ ಹೇಳಲು ನಿಂತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಸೋಜಿಗವಾಗಿರಬಹುದು. ಆದರೆ ಈ ದೇಶದಲ್ಲಿ ನಾವು ದಿನವೂ ಆಡುವ ಇಂಗ್ಲಿಷನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಕೆಲಸ ಸಮರ್ಪಕವಾಗಿಲ್ಲದಿದ್ದರೆ ಅದು 'ಅಪ್ ಟು ಸ್ಕ್ರಾಚ್' ಅಲ್ಲ ಎನ್ನುತ್ತೇವೆ. ಪ್ರಯತ್ನ ಕೈಬಿಟ್ಟವನು 'ಟವೆಲ್' ಎಸೆದನೆನ್ನುತ್ತೇವೆ. ಚುನಾವಣೆಗೆ ನಿಲ್ಲುವವನು ತನ್ನ 'ಹ್ಯಾಟನ್ನು ರಿಂಗಿನೊಳಕ್ಕೆ' ಎಸೆಯುತ್ತಾನೆ. ಅನ್ಯಾಯದ ಮಾತು 'ಬೆಲ್ಟಿನ ಕೆಳಗಿನ' ಹೊಡೆತವಾಗುತ್ತದೆ. ಇವೆಲ್ಲವೂ ಬಡಿದಾಟದ ಕಣದಿಂದ ಎದ್ದು ಬಂದು ಕಚೇರಿಯ ಕುರ್ಚಿಗಳಲ್ಲಿ ಕುಳಿತಿರುವ ಮಾತುಗಳು.

ಈ ಮಾತುಗಳ ಹುಟ್ಟನ್ನು ಹುಡುಕುತ್ತ ಹೋದಾಗ ನನಗೆ ಕಂಡ ಸಂಗತಿ ಇದು. ಬರಿಗೈ ಮುಷ್ಟಿಕಾಳಗ ಎರಡು ಬಗೆಯ ಭಾಷೆಯನ್ನು ಬೆಳೆಸಿತು. ಒಂದು, ಗಾಯವನ್ನು ನಗೆಯಿಂದ ಮುಚ್ಚುವ ಭಾಷೆ. ಇನ್ನೊಂದು, ಮನುಷ್ಯನ ದೇಹ ಎಷ್ಟನ್ನು ತಾಳಬಲ್ಲದು ಎಂದು ಅಳೆಯುವ ಭಾಷೆ. ಮೊದಲನೆಯದನ್ನು ಕಟ್ಟಿದವರು ನೋಡುಗರು ಮತ್ತು ಪತ್ರಿಕೆಯವರು. ಎರಡನೆಯದಕ್ಕೆ ಬೆಲೆ ತೆತ್ತವರು ಕಣದಲ್ಲಿ ಬಿದ್ದವರು. ವೈದ್ಯನಾದ ನನಗೆ ಈ ಚರಿತ್ರೆ ಮುಖ್ಯವೆನಿಸಿರುವುದು ಆ ಕಾರಣದಿಂದ.

ಮುಷ್ಟಿಯುದ್ಧ ಪ್ರಾಚೀನ ಗ್ರೀಸಿನಲ್ಲಿಯೂ ಇತ್ತು, ರೋಮಿನಲ್ಲಿಯೂ ಇತ್ತು. ನಾನು ಹೇಳಹೊರಟಿರುವುದು ಇಂಗ್ಲೆಂಡಿನಲ್ಲಿ ಅದು ಮರುಹುಟ್ಟು ಪಡೆದ ಕಥೆಯನ್ನು. 1681ರ ಜನವರಿಯಲ್ಲಿ ಲಂಡನ್ನಿನ ಒಂದು ಪತ್ರಿಕೆ, ಆಲ್ಬೆಮಾರ್ಲ್ ಡ್ಯೂಕನ ಸಮ್ಮುಖದಲ್ಲಿ ಅವನ ಸೇವಕನೊಬ್ಬನಿಗೂ ಒಬ್ಬ ಕಸಾಯಿಯವನಿಗೂ ನಡೆದ ಪಂದ್ಯವನ್ನು ವರದಿ ಮಾಡಿತು. ಇಂಗ್ಲೆಂಡಿನ ಮುಷ್ಟಿಕಾಳಗದ ಮುದ್ರಿತ ದಾಖಲೆಗಳಲ್ಲಿ ಇದು ಅತಿ ಹಳೆಯವುಗಳಲ್ಲೊಂದು. ಧಣಿ ನೋಡುವುದು, ಆಳು ಹೊಡೆದಾಡುವುದು ಎಂಬ ಕ್ರಮ ಅಲ್ಲಿಯೇ ಕಾಣುತ್ತದೆ. 1719ರ ಸುಮಾರಿಗೆ ಜೇಮ್ಸ್ ಫಿಗ್ ಎಂಬಾತ ತನ್ನನ್ನು ಇಂಗ್ಲೆಂಡಿನ ಮಹಾಮಲ್ಲನೆಂದು ಘೋಷಿಸಿಕೊಂಡು ಲಂಡನ್ನಿನಲ್ಲಿ ಗರಡಿ ನಡೆಸಿದ. ಅವನ ನಿಜವಾದ ಪರಿಣತಿ ಇದ್ದದ್ದು ಕತ್ತಿ ಮತ್ತು ದೊಣ್ಣೆಯ ವರಸೆಗಳಲ್ಲಿ. ಮುಷ್ಟಿ ಆಗಿನ್ನೂ ಅವುಗಳ ಬೆನ್ನಿಗಂಟಿಕೊಂಡು ಬಂದ ಕಲೆಯಾಗಿತ್ತು.

ಅದನ್ನು ಸ್ವತಂತ್ರ ವಿದ್ಯೆಯಾಗಿಸಿದವನು ಜ್ಯಾಕ್ ಬ್ರೌಟನ್. 1741ರಲ್ಲಿ ಅವನೊಡನೆ ಸೆಣಸಿದ ಜಾರ್ಜ್ ಸ್ಟೀವನ್ಸನ್ ಎಂಬ ಗಾಡಿ ಹೊಡೆಯುವವನು ಪೆಟ್ಟುಗಳಿಂದ ಚೇತರಿಸಿಕೊಳ್ಳದೆ ಕೆಲವು ವಾರಗಳಲ್ಲಿ ತೀರಿಕೊಂಡನೆಂದೂ, ಆ ಸಾವಿನಿಂದ ಮನನೊಂದ ಬ್ರೌಟನ್ ನಿಯಮಗಳನ್ನು ರಚಿಸಿದನೆಂದೂ ಪರಂಪರೆ ಹೇಳುತ್ತದೆ. 1743ರ ಆಗಸ್ಟ್ 16ರ ದಿನಾಂಕವಿರುವ ಆ ನಿಯಮಗಳು ಒಟ್ಟು ಏಳು. ಕಣದ ನಡುವೆ ಸೀಮೆಸುಣ್ಣದಿಂದ ಒಂದು ಗಜದ ಚೌಕ ಬರೆಯಬೇಕು, ಬಿದ್ದವನನ್ನು ಅವನ ಸಹಾಯಕ ಅರ್ಧ ನಿಮಿಷದೊಳಗೆ ಆ ಚೌಕದ ಅಂಚಿಗೆ ತಂದು ನಿಲ್ಲಿಸಬೇಕು, ಇಲ್ಲವಾದರೆ ಅವನು ಸೋತಂತೆ, ಬಿದ್ದವನನ್ನು ಹೊಡೆಯಕೂಡದು, ಸೊಂಟದ ಕೆಳಗೆ ಹಿಡಿಯಕೂಡದು, ಮಂಡಿಯೂರಿದವನು ಬಿದ್ದವನಿಗೆ ಸಮಾನ. 'ಬೆಲ್ಟಿನ ಕೆಳಗೆ' ಎಂಬ ಇಂದಿನ ಮಾತಿನ ಮೂಲದಲ್ಲಿರುವುದು ಈ ಸೊಂಟದ ಗಡಿ.

ಇಲ್ಲಿ ಒಂದು ಕ್ಷಣ ನಮ್ಮ ಗರಡಿಮನೆಯನ್ನು ನೆನೆಯೋಣ. ನಮ್ಮ ಕುಸ್ತಿಯಲ್ಲಿ ಸೋಲೆಂದರೆ ಬೆನ್ನು ಮಣ್ಣಿಗೆ ತಾಗುವುದು. ಆದ್ದರಿಂದ ಕನ್ನಡದ ಸೋಲು ಗೆಲುವಿನ ಮಾತುಗಳಿಗೆ ಮಣ್ಣು ಮೆತ್ತಿಕೊಂಡಿದೆ. ನಾವು ಎದುರಾಳಿಗೆ ಮಣ್ಣು ಮುಕ್ಕಿಸುತ್ತೇವೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆ ಹೇಳುತ್ತೇವೆ. ಮೈಸೂರಿನ ದಸರಾದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದ ಗಡಿಯಂತೂ ಇನ್ನೂ ಸ್ಪಷ್ಟ: ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಬ್ರೌಟನ್ನನ ಕಣದಲ್ಲಿ ಸೋಲಿಗೆ ಗುರುತು ಮಣ್ಣೂ ಅಲ್ಲ, ರಕ್ತವೂ ಅಲ್ಲ. ಅಲ್ಲಿ ಬೀಳುವುದು ಸೋಲಲ್ಲ, ಗಡುವಿನೊಳಗೆ ಏಳದಿರುವುದು ಸೋಲು. ಹಾಗಾಗಿ ಅವರ ಮಾತುಗಳಲ್ಲಿ ಗೀಟು ಬಂತು, ಗಡುವು ಬಂತು. ರಕ್ತ ಹರಿಯುವುದು ಆಟ ನಿಲ್ಲಿಸುವ ಕಾರಣವಾಗದೆ, ವರ್ಣಿಸಿ ನಗುವ ವಸ್ತುವಾಯಿತು.

ಬ್ರೌಟನ್ನನಿಗೆ ಇನ್ನೊಂದು ಕೀರ್ತಿಯೂ ಸಲ್ಲುತ್ತದೆ. 1747ರಲ್ಲಿ ಅವನು ಲಂಡನ್ನಿನ ಹೇಮಾರ್ಕೆಟ್ಟಿನಲ್ಲಿ ಕುಲೀನರಿಗಾಗಿ ಶಾಲೆ ತೆರೆದಾಗ, ಕಲಿಯುವವರ ಕಣ್ಣು, ದವಡೆ, ಮೂಗುಗಳಿಗೆ ಅಪಾಯವಾಗದಂತೆ ಮೆತ್ತನೆಯ ಕೈಗವಸುಗಳನ್ನು ಒದಗಿಸುವುದಾಗಿ ಜಾಹೀರಾತು ಕೊಟ್ಟ. ಆದರೆ ಆ ಕೈಗವಸುಗಳು ಅಭ್ಯಾಸಕ್ಕೆ ಮಾತ್ರ. ಪಣದ ಕಾಳಗದಲ್ಲಿ ನಿಂತ ಕಸಾಯಿ, ಗಾಡಿಯಾಳು, ದೋಣಿಯಾಳುಗಳಿಗೆ ಬರಿಗೈಯೇ ಗತಿ. ಬ್ರೌಟನ್ನನ ಅಂತ್ಯವೂ ಬರಿಗೈಯಿಂದಲೇ ಆಯಿತು. 1750ರಲ್ಲಿ ಜ್ಯಾಕ್ ಸ್ಲ್ಯಾಕ್ ಎಂಬ ಕಸಾಯಿಯವನ ಪೆಟ್ಟು ಹುಬ್ಬುಗಳ ನಡುವೆ ಬಿದ್ದು, ಕಣ್ಣುಗಳು ಊದಿ ಮುಚ್ಚಿಹೋದವು. ಅವನ ಮೇಲೆ ದೊಡ್ಡ ಮೊತ್ತವನ್ನು ಪಣವೊಡ್ಡಿದ್ದ ಕಂಬರ್ಲೆಂಡ್ ಡ್ಯೂಕ್ ಗದರಿದಾಗ, ತಾನು ಸೋತಿಲ್ಲ, ಎದುರಾಳಿ ಕಾಣಿಸುತ್ತಿಲ್ಲ ಅಷ್ಟೇ ಎಂಬ ಅರ್ಥದ ಉತ್ತರ ಕೊಟ್ಟನೆಂದು ಪ್ರತೀತಿ. ಡ್ಯೂಕ್ ಹಣ ಕಳೆದುಕೊಂಡ. ಬ್ರೌಟನ್ ತನ್ನ ಪೋಷಕನನ್ನು ಕಳೆದುಕೊಂಡ.

ಅರ್ಧ ನಿಮಿಷದ ಗಡುವು ಕಾಗದದ ಮೇಲೆ ಎಲ್ಲರಿಗೂ ಒಂದೇ. ಕಣದಲ್ಲಿ ಹಾಗಿರಲಿಲ್ಲ ಎಂಬುದಕ್ಕೆ 1810ರ ಡಿಸೆಂಬರ್ 18ರ ಕಾಳಗ ಸಾಕ್ಷಿ. ಆ ದಿನ ಇಂಗ್ಲೆಂಡಿನ ಮಲ್ಲ ಟಾಮ್ ಕ್ರಿಬ್‌ನ ಎದುರು ನಿಂತವನು ಟಾಮ್ ಮಾಲಿನೋ ಎಂಬ ಅಮೆರಿಕದ ಕರಿಯ. ಅವನು ಗುಲಾಮಗಿರಿಯಿಂದ ಬಿಡುಗಡೆ ಪಡೆದು ಬಂದವನೆಂದು ಹೇಳುತ್ತಾರೆ. ಅವನನ್ನು ತಯಾರು ಮಾಡಿದ್ದ ಬಿಲ್ ರಿಚ್‌ಮಂಡ್ ಕೂಡ ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದವನು. ಒಂದು ಸುತ್ತಿನ ಕೊನೆಗೆ ಕ್ರಿಬ್ ಗಡುವಿನೊಳಗೆ ಏಳಲಾರದೆ ಹೋದಾಗ, ಅವನ ಕಡೆಯವರು ಮಾಲಿನೋ ಮುಷ್ಟಿಯಲ್ಲಿ ಸೀಸದ ಗುಂಡು ಹಿಡಿದಿದ್ದಾನೆಂದು ಜಗಳ ತೆಗೆದು ಸಮಯ ಗಳಿಸಿಕೊಟ್ಟರೆಂದು ಹಲವು ಚರಿತ್ರಕಾರರು ಬರೆದಿದ್ದಾರೆ. ಚೇತರಿಸಿಕೊಂಡ ಕ್ರಿಬ್ ಕೊನೆಗೆ ಗೆದ್ದ. ಹದಿನೈದು ವರ್ಷ ಹಿಂದೆ, 1795ರಲ್ಲಿ, ಯಹೂದಿ ಮಲ್ಲ ಡೇನಿಯಲ್ ಮೆಂಡೋಜನ ಉದ್ದ ಕೂದಲನ್ನು ಜಾನ್ ಜ್ಯಾಕ್ಸನ್ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಗುದ್ದಿದ್ದ. ನಿಯಮ ಸೊಂಟದ ಕೆಳಗಿನದನ್ನು ಮಾತ್ರ ನಿಷೇಧಿಸಿತ್ತು. ಕೂದಲು ಸೊಂಟದ ಮೇಲಿತ್ತು. ಪರದೇಶದಲ್ಲಿ ಬಾಳು ಕಟ್ಟಿಕೊಂಡ ನಮಗೆ, ನಿಯಮ ಒಂದೇ ಇದ್ದರೂ ಗಡಿಯಾರ ಎಲ್ಲರಿಗೂ ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಮುಚ್ಚುವ ಭಾಷೆಯ ಕಡೆ ಬರೋಣ. ಈ ಕಾಳಗದ ಅಭಿಮಾನಿಗಳ ಬಳಗಕ್ಕೆ 'ದಿ ಫ್ಯಾನ್ಸಿ' ಎಂದು ಹೆಸರು. ಅದರಲ್ಲಿ ಶ್ರೀಮಂತರೂ ಇದ್ದರು, ಜೇಬುಗಳ್ಳರೂ ಇದ್ದರು. ಕವಿ ಬೈರನ್ ಸ್ವತಃ ಜ್ಯಾಕ್ಸನ್ನನ ಬಳಿ ಅಭ್ಯಾಸ ಮಾಡಿದ್ದ. ಇವರ ಆಸ್ಥಾನ ಕವಿಯೆಂದು ಕರೆಯಬಹುದಾದವನು ಪಿಯರ್ಸ್ ಈಗನ್ ಎಂಬ ಪತ್ರಕರ್ತ. 1812ರಿಂದ ಕಂತುಗಳಾಗಿ ಬರತೊಡಗಿದ ಅವನ 'ಬಾಕ್ಸಿಯಾನ' ಗ್ರಂಥ ಮುಷ್ಟಿಕಾಳಗಕ್ಕೆ ಒಂದು ಪುರಾಣವನ್ನೇ ಒದಗಿಸಿತು. ಬಡಿದಾಟವನ್ನು 'ಮಧುರ ಶಾಸ್ತ್ರ' ಎಂದು ಕರೆಯುವ ವಾಡಿಕೆಯ ಮೂಲವೂ ಅವನೇ. ಈ ಬಳಗದ ನುಡಿಗಟ್ಟಿನಲ್ಲಿ ರಕ್ತವೆಂದರೆ 'ಕ್ಲಾರೆಟ್', ಅಂದರೆ ಫ್ರಾನ್ಸಿನ ಕೆಂಪು ದ್ರಾಕ್ಷಾರಸ. ಮೂಗಿಗೆ ಗುದ್ದಿ ರಕ್ತ ಹರಿಸುವುದೆಂದರೆ ಸೀಸೆಯ ಬಿರಡೆ ತೆಗೆಯುವುದು. ಹಲ್ಲುಗಳು ದಂತ, ಅಂದರೆ ಆನೆಯ ದಂತ. ಹೊಟ್ಟೆ ರೊಟ್ಟಿಯ ಬುಟ್ಟಿ. ಕಣ್ಣುಗಳು ಇಣುಕುವ ಕಿಂಡಿಗಳು. ಎದುರಾಳಿಯ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗುದ್ದುವುದಕ್ಕೆ 'ಚಾನ್ಸರಿಯಲ್ಲಿ' ಇಡುವುದೆಂದು ಹೆಸರು. ಚಾನ್ಸರಿ ಎಂಬುದು ಲಂಡನ್ನಿನ ನ್ಯಾಯಾಲಯ. ಅಲ್ಲಿ ಸಿಕ್ಕಿಕೊಂಡ ದಾವೆಗಾರ ನಷ್ಟವಿಲ್ಲದೆ ಹೊರಬರುವಂತಿರಲಿಲ್ಲ. ನಮ್ಮ ಕಡೆ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಈ ಹೋಲಿಕೆ ಒಡನೆಯೇ ಅರ್ಥವಾಗುತ್ತದೆ.

ಈ ಮಾತುಗಳು ಚತುರವಾಗಿವೆ, ನಗು ತರಿಸುತ್ತವೆ. ಅವು ಹುಟ್ಟಿದ್ದಕ್ಕೆ ಕಾರಣಗಳೂ ಇವೆ. ನಲವತ್ತು ಐವತ್ತು ಸುತ್ತುಗಳ ಕಾಳಗವನ್ನು ಸುತ್ತು ಸುತ್ತಾಗಿ ವರದಿ ಮಾಡುವವನಿಗೆ ಮೂಗು, ರಕ್ತ ಎಂಬ ಎರಡೇ ಪದಗಳು ಸಾಲುವುದಿಲ್ಲ. ಶಾಂತಿಭಂಗವೆಂದು ನ್ಯಾಯಾಧಿಕಾರಿಗಳು ತಡೆಯಬಹುದಾದ ಆಟಕ್ಕೆ ಗುಟ್ಟಿನ ಭಾಷೆಯ ಸೊಗಸೂ ಇರುತ್ತದೆ. ಆದರೆ ಪರಿಣಾಮವನ್ನು ಗಮನಿಸಿ. ಮೂಗಿನ ಎಲುಬು ಮುರಿದ ಮನುಷ್ಯ ಓದುಗನ ಕಣ್ಣಿನಿಂದ ಮರೆಯಾಗುತ್ತಾನೆ. ಅವನ ಜಾಗದಲ್ಲಿ ಒಂದು ದ್ರಾಕ್ಷಾರಸದ ಸೀಸೆ ಉಳಿಯುತ್ತದೆ.

ಕಣದಲ್ಲಿ ದೇಹವನ್ನು ದೇಹವಾಗಿಯೇ ನೋಡಿದವರೂ ಇದ್ದರು. 1747ರಲ್ಲಿ ಕ್ಯಾಪ್ಟನ್ ಜಾನ್ ಗಾಡ್‌ಫ್ರೇ ಬರೆದ ರಕ್ಷಣಾವಿದ್ಯೆಯ ಪುಸ್ತಕದಲ್ಲಿ, ಕಿವಿಯ ಕೆಳಗಿನ ಹೊಡೆತ ಏಕೆ ಅಪಾಯಕರ ಎಂಬ ಚರ್ಚೆಯಿದೆ. ದವಡೆಯ ಮೂಲೆಗೂ ಕತ್ತಿಗೂ ನಡುವೆ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ ಎಂಬುದನ್ನು ಅವನು ಕಾರಣವಾಗಿ ಕೊಡುತ್ತಾನೆ. ಅವನ ವಿವರಣೆ ಇಂದಿನ ಶಾಸ್ತ್ರಕ್ಕೆ ಪೂರ್ತಿ ಒಪ್ಪುವಂಥದಲ್ಲ. ಆದರೆ ಅವನು ಬೆರಳಿಟ್ಟ ಜಾಗ ಸರಿಯಾದುದು. ಅಲ್ಲಿರುವ ಧಮನಿಗೆ ನಾವು 'ಕೆರಾಟಿಡ್' ಎನ್ನುತ್ತೇವೆ. ಆ ಹೆಸರು ಬಂದಿರುವುದು ಮಂಪರು ಎಂಬ ಅರ್ಥದ ಗ್ರೀಕ್ ಪದದಿಂದ. ಆ ನಾಳವನ್ನು ಒತ್ತಿದರೆ ಮನುಷ್ಯ ಮಂಕಾಗುತ್ತಾನೆಂಬ ಪ್ರಾಚೀನರ ಅನುಭವ ಆ ಹೆಸರಿನಲ್ಲಿ ಉಳಿದಿದೆ.

ಇನ್ನು ಅಳೆಯುವ ಭಾಷೆ. ಬ್ರೌಟನ್ನನ ನಿಯಮದಲ್ಲಿ ಒಂದು ದೊಡ್ಡ ಕಂಡಿಯಿತ್ತು. ಬಿದ್ದವನನ್ನು ಸಹಾಯಕನೇ ಗೀಟಿಗೆ ತರಬೇಕೆಂದು ಅದು ಹೇಳಿತು. ತಾನಾಗಿ ಬರಬೇಕೆಂದು ಹೇಳಲಿಲ್ಲ. ಹಾಗಾಗಿ ಎಚ್ಚರ ತಪ್ಪಿದವನನ್ನೂ ಎತ್ತಿ, ನಡೆಸಿ, ಎದುರಾಳಿಯ ಮುಂದೆ ನಿಲ್ಲಿಸುವುದು ಸಾಧ್ಯವಾಯಿತು. ಇದರ ಭೀಕರತೆ 1833ರ ಮೇ 30ರಂದು ಬಯಲಾಯಿತು. ಐರ್ಲೆಂಡಿನ ಸೈಮನ್ ಬರ್ನ್ ಮತ್ತು ಕಿವುಡ ಬರ್ಕ್ ಎಂದು ಹೆಸರಾದ ಜೇಮ್ಸ್ ಬರ್ಕ್ 99 ಸುತ್ತು, ಮೂರು ಗಂಟೆಗೂ ಮಿಕ್ಕಿ ಕಾದಾಡಿದರು. ಬರ್ನ್ ಕೆಲವು ದಿನಗಳಲ್ಲಿ ತೀರಿಕೊಂಡ. ಅದೇ ಬರ್ನ್‌ನ ಎದುರು 1830ರಲ್ಲಿ ಸೆಣಸಿದ್ದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮೆಕೇ ಕೂಡ ಪೆಟ್ಟಿನಿಂದ ಸತ್ತಿದ್ದ. 1838ರಲ್ಲಿ ಓವೆನ್ ಸ್ವಿಫ್ಟನೊಡನೆ ಹೋರಾಡಿದ ವಿಲಿಯಂ ಫೆಲ್ಪ್ಸ್ ಸತ್ತ. ಆ ವರ್ಷವೇ ಹೊಸ ನಿಯಮಾವಳಿ ಹೊರಬಂತು.

ಹೊಸ ನಿಯಮಗಳ ಪ್ರಕಾರ ಕಣ 24 ಅಡಿಯ ಚೌಕ. ಹಿಂದೆ ಜನ ಬಳಸಿ ನಿಂತ ಬಳೆಯೇ ಕಣವಾಗಿದ್ದುದರಿಂದ, ಚೌಕವಾದ ಮೇಲೂ ಅದಕ್ಕೆ 'ರಿಂಗ್' ಎಂಬ ಹೆಸರೇ ಉಳಿಯಿತು. ನಡುವೆ ನೆಲದ ಮೇಲೆ ಒಂದು ಗೀಟು, ಅದೇ 'ಸ್ಕ್ರಾಚ್'. ಬಿದ್ದವನಿಗೆ 30 ಸೆಕೆಂಡು ವಿರಾಮ. ಆಮೇಲೆ 'ಟೈಮ್' ಎಂದು ಕೂಗಿದೊಡನೆ ಎಂಟು ಸೆಕೆಂಡಿನೊಳಗೆ ಅವನು ಇತರರ ನೆರವಿಲ್ಲದೆ ಗೀಟಿಗೆ ಬಂದು ನಿಲ್ಲಬೇಕು. 'ಇತರರ ನೆರವಿಲ್ಲದೆ' ಎಂಬ ಈ ಒಂದು ಮಾತು ಆ ನಿಯಮಾವಳಿಯ ಹೃದಯವೆಂದು ನನಗೆ ತೋರುತ್ತದೆ. ತಲೆಗೆ ಪೆಟ್ಟು ಬಿದ್ದು ಬಂದ ರೋಗಿಯನ್ನು ನಾವು ಇಂದಿಗೂ ಎದ್ದು ನಿಲ್ಲಲು, ನೇರ ಗೆರೆಯ ಮೇಲೆ ನಡೆಯಲು ಹೇಳುತ್ತೇವೆ. ನರರೋಗ ಶಾಸ್ತ್ರವಿನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ಪಣದ ಆಟಗಾರರು ಮಿದುಳಿನ ಒಂದು ಪರೀಕ್ಷೆಯನ್ನು ನೆಲದ ಮೇಲೆ ಗೀಚಿದ್ದರು.

'ಅಪ್ ಟು ಸ್ಕ್ರಾಚ್' ಎಂಬ ನಮ್ಮ ಕಚೇರಿಯ ಮಾತು ಬಂದದ್ದು ಅಲ್ಲಿಂದ. ಕಣಕ್ಕೆ ಇಳಿಯುವವನು ಮೊದಲು ತನ್ನ ಹ್ಯಾಟನ್ನು ಒಳಕ್ಕೆ ಎಸೆಯುತ್ತಿದ್ದ. ನಮ್ಮವರು ತೊಡೆ ತಟ್ಟುವಂತೆ ಅದು ಅವರ ಪಂಥಾಹ್ವಾನ. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅದೇ ಮಾತಿನಿಂದ ತಮ್ಮ ಉಮೇದುವಾರಿಕೆಯನ್ನು ಸಾರಿದರು. ಸಹಾಯಕರಲ್ಲಿ ಒಬ್ಬ ನೀರಿನ ಸೀಸೆ ಹಿಡಿಯುವವನು. 1851ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್, ತಮ್ಮ ನೀತಿಯನ್ನು ವಿವೇಕದಿಂದ ಸೀಸೆ ಹಿಡಿಯುವ ಕೆಲಸಕ್ಕೆ ಹೋಲಿಸಿದ್ದರು. ಮೈಯೊರೆಸುವ ಸ್ಪಂಜನ್ನು ಸಹಾಯಕ ಮೇಲಕ್ಕೆ ಎಸೆದರೆ ಸೋಲೊಪ್ಪಿದಂತೆ. ಮುಂದೆ ಸ್ಪಂಜಿನ ಜಾಗಕ್ಕೆ ಟವೆಲ್ ಬಂತು.

ಈ ಸ್ಪಂಜಿನ ನಿಜವಾದ ಅರ್ಥ ತಿಳಿಯಲು 1889ರ ಜುಲೈ 8ಕ್ಕೆ, ಈ ದೇಶದ ಮಿಸಿಸಿಪಿ ರಾಜ್ಯದ ರಿಚ್‌ಬರ್ಗಿಗೆ ಹೋಗಬೇಕು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1860ರಲ್ಲಿ ಟಾಮ್ ಸೇಯರ್ಸ್ ಮತ್ತು ಅಮೆರಿಕದ ಜಾನ್ ಹೀನನ್ ಫಾರ್ನ್‌ಬರೋದಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ನಡೆಸಿದ ಕಾಳಗ ಗೊಂದಲದಲ್ಲಿ ಮುಗಿದಿತ್ತು. 1867ರಲ್ಲಿ ಕ್ವೀನ್ಸ್‌ಬರಿ ಮಾರ್ಕ್ವಿಸನ ಹೆಸರಿನಲ್ಲಿ, ವಾಸ್ತವವಾಗಿ ಜಾನ್ ಗ್ರಹಾಂ ಚೇಂಬರ್ಸ್ ರಚಿಸಿದ, ಕೈಗವಸಿನ ನಿಯಮಗಳು ಪ್ರಕಟವಾಗಿದ್ದವು: ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಬಿದ್ದವನಿಗೆ ಹತ್ತು ಸೆಕೆಂಡು. 1882ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಕೋನಿ ಮೊಕದ್ದಮೆಯಲ್ಲಿ, ಹೊಡೆಸಿಕೊಳ್ಳುವವನ ಒಪ್ಪಿಗೆಯಿದ್ದರೂ ಪಣದ ಬರಿಗೈ ಕಾಳಗ ಅಪರಾಧವೇ ಎಂದು ತೀರ್ಪಿತ್ತಿತ್ತು. ಆದರೂ ರಿಚ್‌ಬರ್ಗಿನಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಹಳೆಯ ಕ್ರಮದಲ್ಲಿಯೇ ನಿಂತರು. ದಕ್ಷಿಣದ ಸುಡುಬಿಸಿಲಿನಲ್ಲಿ 75 ಸುತ್ತು ನಡೆಯಿತು. ಕಿಲ್ರೇನ್ ನಿಲ್ಲಿಸಲು ಒಪ್ಪಲಿಲ್ಲ. ಇನ್ನು ಮುಂದುವರಿದರೆ ಅವನು ಸಾಯುತ್ತಾನೆಂದು ಹೆದರಿದ ಅವನ ಸಹಾಯಕ ಮೈಕ್ ಡಾನೊವನ್ ಸ್ಪಂಜನ್ನು ಎಸೆದುಬಿಟ್ಟ. ನಾವು ಹೇಡಿತನದ ಗುರುತಾಗಿ ಬಳಸುವ ಮಾತು ಅಂದು ಒಂದು ಪ್ರಾಣ ಉಳಿಸುವ ಸಂಕೇತವಾಗಿತ್ತು. ಬರಿಗೈಯ ಕೊನೆಯ ಹೆವಿವೇಯ್ಟ್ ಪಟ್ಟದ ಕಾಳಗ ಅದೇ. 1892ರಲ್ಲಿ ಸಲಿವನ್ ನ್ಯೂ ಆರ್ಲಿಯನ್ಸಿನಲ್ಲಿ ಜೇಮ್ಸ್ ಕಾರ್ಬೆಟ್ಟನಿಗೆ ಸೋತದ್ದು ಕೈಗವಸಿನ ಆಟದಲ್ಲಿ.

ಕೈಗವಸು ಬಂದದ್ದರಿಂದ ಆಟ ಸುರಕ್ಷಿತವಾಯಿತೆಂದು ಸಾಮಾನ್ಯ ನಂಬಿಕೆ. ಮುಖದ ಗಾಯಗಳ ಮಟ್ಟಿಗೆ ಅದು ನಿಜ. ಆದರೆ ಅಂಗರಚನೆಯ ಕಡೆಯಿಂದ ನೋಡಿ. ಕೈಯ ಎಲುಬುಗಳು ಸಣ್ಣವು, ತಲೆಬುರುಡೆ ಗಟ್ಟಿ. ಕಿರುಬೆರಳಿನ ಬುಡದ ಅಂಗೈ ಎಲುಬು ಮುರಿಯುವುದಕ್ಕೆ ವೈದ್ಯಕೀಯದಲ್ಲಿ 'ಬಾಕ್ಸರನ ಮುರಿತ' ಎಂದೇ ಹೆಸರು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದವರಿಗೆಲ್ಲ ಅದು ಚಿರಪರಿಚಿತ. ಸಾಮಾನ್ಯವಾಗಿ ಅದನ್ನು ತರುವವನು ಬಾಕ್ಸರನಲ್ಲ, ಕೋಪದಲ್ಲಿ ಗೋಡೆಗೆ ಗುದ್ದಿದವನು. ಬರಿಗೈಯವನು ತಲೆಗೆ ಜೋರಾಗಿ ಗುದ್ದಲು ತನ್ನ ಕೈಗಾಗಿಯೇ ಹಿಂಜರಿಯಬೇಕಿತ್ತು. ಕೈಗವಸು ಆ ಹಿಂಜರಿಕೆಯನ್ನು ಕಳೆಯಿತು. ಅದು ಮೊದಲು ಕಾಪಾಡಿದ್ದು ಹೊಡೆಯುವವನ ಕೈಯನ್ನು. ತಲೆಬುರುಡೆಯೊಳಗೆ ಕುಲುಕುವ ಮಿದುಳಿಗೆ ಅದರಿಂದ ಅಂಥ ರಕ್ಷಣೆ ದೊರೆಯಲಿಲ್ಲ.

ಆ ಮಿದುಳಿನ ಕಥೆಯನ್ನು ಮೊದಲು ಹೇಳಿದ್ದೂ ಕಣದ ಭಾಷೆಯೇ. ಪೆಟ್ಟು ತಿಂದು ತೂರಾಡುವವನನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ 'ಗ್ರಾಗಿ' ಎನ್ನುತ್ತಿದ್ದರು. ಗ್ರಾಗ್ ಎಂದರೆ ನಾವಿಕರು ಕುಡಿಯುತ್ತಿದ್ದ ನೀರು ಬೆರೆಸಿದ ರಮ್. ಮುಂದೆ, ವರ್ಷಗಟ್ಟಲೆ ಹೊಡೆಸಿಕೊಂಡು ಮಾತು ತೊದಲುವ, ಹೆಜ್ಜೆ ತಪ್ಪುವ, ಮರೆವು ಕವಿಯುವ ನಿವೃತ್ತ ಬಾಕ್ಸರರನ್ನು 'ಪಂಚ್ ಡ್ರಂಕ್', ಅಂದರೆ ಗುದ್ದಿನಿಂದ ಅಮಲೇರಿದವರು, ಎಂದು ಆಟದ ಮಂದಿ ಆಡಿಕೊಂಡರು. 1928ರಲ್ಲಿ ನ್ಯೂಜೆರ್ಸಿಯ ಡಾ. ಹ್ಯಾರಿಸನ್ ಮಾರ್ಟ್‌ಲಂಡ್ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದರ ಮೇಲೆ ಲೇಖನ ಬರೆದಾಗ, ಆ ಬೀದಿಮಾತನ್ನೇ ತಲೆಬರಹವಾಗಿಸಿದರು. ವೈದ್ಯರ ಗಮನಕ್ಕೆ ಬಾರದಿದ್ದುದನ್ನು ಆಟದ ಅಭಿಮಾನಿಗಳು ಬಹಳ ಹಿಂದೆಯೇ ಗುರುತಿಸಿದ್ದರೆಂದು ಅವರು ಹೇಳಿದರು. 1973ರಲ್ಲಿ ಕಾರ್ಸೆಲಿಸ್ ಮತ್ತು ಸಂಗಡಿಗರು 15 ಮಂದಿ ಮಾಜಿ ಬಾಕ್ಸರರ ಮಿದುಳುಗಳನ್ನು ಪರೀಕ್ಷಿಸಿ ಹಾನಿಯ ಸ್ವರೂಪವನ್ನು ತೋರಿಸಿದರು. 2005ರಲ್ಲಿ ಡಾ. ಬೆನೆಟ್ ಒಮಾಲು, ಅದೇ ಬಗೆಯ ಹಾನಿಯನ್ನು ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಕಂಡ ವರದಿಯನ್ನು ಪ್ರಕಟಿಸಿದರು. ನಮ್ಮ ಮಕ್ಕಳ ಶಾಲೆಯ ಮೈದಾನಗಳಲ್ಲಿ ಇಂದು ತಲೆಯ ಪೆಟ್ಟಿನ ಬಗೆಗೆ ಕಾಣುವ ಎಚ್ಚರಿಕೆಯ ಹಿಂದೆ ಈ ಉದ್ದನೆಯ ಸರಣಿಯಿದೆ.

ಕನ್ನಡದಲ್ಲಿ ನಾವು 'ಮಂಕು ಬಡಿಯಿತು' ಎನ್ನುತ್ತೇವೆ. ಇಲ್ಲಿ ಮಂಕು ಬಡಿಯುತ್ತದೆ. ಪೆಟ್ಟಿಗೂ ಮಂಪರಿಗೂ ಇರುವ ನಂಟನ್ನು ನಮ್ಮ ಹಿರಿಯರ ನುಡಿಯೂ ಬಲ್ಲದು. ಜನಸಾಮಾನ್ಯರ ಮಾತಿನಲ್ಲಿ ಇಂಥ ತಿಳಿವು ಅಡಗಿರುತ್ತದೆ. ಅದನ್ನು ಒರಟು ಮಾತೆಂದು ತಳ್ಳಿಹಾಕುವ ವೈದ್ಯ ತನ್ನ ರೋಗಿಯ ಅರ್ಧ ಕಥೆಯನ್ನು ಕೇಳಿಸಿಕೊಂಡಿರುವುದಿಲ್ಲ. ಹಾಗೆಯೇ, ನಗುತ್ತ ಹೇಳಿದ ಮಾತಿನ ಅಡಿಯಲ್ಲಿ ನೋವಿದೆಯೇ ಎಂದು ಕೇಳುವುದೂ ಅವನ ಕೆಲಸ. ನಮ್ಮ ತಂದೆ ತಾಯಂದಿರು ದೂರದಿಂದ ಫೋನಿನಲ್ಲಿ 'ಏನಿಲ್ಲ, ಸ್ವಲ್ಪ ಜಾರಿದೆ ಅಷ್ಟೆ' ಎಂದಾಗ ನಾವು ಕೇಳಬೇಕಾದದ್ದೂ ಇದೇ ಕಿವಿಯಿಂದ.

2018ರಲ್ಲಿ ಈ ದೇಶದ ವಯೋಮಿಂಗ್ ರಾಜ್ಯ ಬರಿಗೈ ಮುಷ್ಟಿಕಾಳಗಕ್ಕೆ ಮತ್ತೆ ಕಾನೂನಿನ ಒಪ್ಪಿಗೆ ನೀಡಿತು. ಆಟ ಮರಳಿ ಬಂದಿದೆ; ಅದರೊಡನೆ ಹೊಸ ಮಾತುಗಳೂ ಬರುತ್ತವೆ. ಅವುಗಳಲ್ಲಿ ಯಾವುದು ದ್ರಾಕ್ಷಾರಸದ ಜಾತಿಯದು, ಯಾವುದು ಗೀಟಿನ ಜಾತಿಯದು ಎಂದು ಬೇರ್ಪಡಿಸಿ ನೋಡುವ ವಿವೇಕ ನಮಗಿರಲಿ. ಸ್ಟೀವನ್ಸನ್, ಮೆಕೇ, ಬರ್ನ್, ಫೆಲ್ಪ್ಸ್ ಎಂಬ ಹೆಸರುಗಳನ್ನು ಇಂದು ಬಲ್ಲವರು ಕಡಿಮೆ. ಆದರೆ ಒಂದು ಕೆಲಸ 'ಸ್ಕ್ರಾಚಿಗೆ' ಬರಲಿಲ್ಲವೆಂದು ಯಾರಾದರೂ ಹೇಳಿದಾಗ, ಆ ಗೀಟನ್ನು ಎಳೆದದ್ದು ಅಂಥವರ ಸಾವು ಎಂಬುದನ್ನು ಒಮ್ಮೆ ನೆನೆದರೆ ಈ ಉಪನ್ಯಾಸ ಸಾರ್ಥಕ.